ವರ್ಡ್‌ವೈಸ್‌ನಿಂದ ವರ್ಡ್‌ವೈಸ್ ಪ್ಲಸ್‌ಗೆ: ಬಿಬಿಸಿ ಮೈಕ್ರೋದಲ್ಲಿ ಹಳೆಯ ಚಿಪ್ ತೆಗೆದು ಹೊಸದನ್ನು ಹಾಕಬೇಕೇ?

ಹಸಿರಕ್ಷರ

ಎಲ್ಲರಿಗೂ ನಮಸ್ಕಾರ. ನನ್ನ ತಂದೆಯವರು 1984ರಲ್ಲಿ ಇಂಗ್ಲೆಂಡಿನಲ್ಲಿ ಸಂಶೋಧನೆ ನಡೆಸುತ್ತಿದ್ದಾಗ ಬಿಬಿಸಿ ಮೈಕ್ರೋ ಮಾಡೆಲ್ ಬಿ ಗಣಕವೊಂದನ್ನು ಕೊಂಡು, ಮೈಸೂರಿಗೆ ಹಿಂದಿರುಗುವಾಗ ಜೊತೆಯಲ್ಲೇ ತಂದಿದ್ದರು. ಕಳೆದ ವರ್ಷ ಅದರ ವಿದ್ಯುತ್ ಪೆಟ್ಟಿಗೆಗೆ ಹೊಸ ಕೆಪಾಸಿಟರ್ ಹಾಕಿಸಿದೆ. ಈಗ ಯಂತ್ರ ಚೆನ್ನಾಗಿ ನಡೆಯುತ್ತಿದೆ. ಅದರೊಳಗೆ ಕಂಪ್ಯೂಟರ್ ಕಾನ್ಸೆಪ್ಟ್ಸ್ ಸಂಸ್ಥೆಯ ವರ್ಡ್‌ವೈಸ್ ಎಂಬ ವರ್ಡ್ ಪ್ರೊಸೆಸರ್ 8 ಕಿಲೋಬೈಟ್‌ನ ಚಿಪ್ ರೂಪದಲ್ಲಿ ಕೂತಿದೆ. ತಂದೆಯವರು ಊರಿಗೆ ಬರೆದ ನಲವತ್ತಕ್ಕೂ ಹೆಚ್ಚು ಪತ್ರಗಳು, ಪ್ರಬಂಧದ ಮೂರು ಅಧ್ಯಾಯಗಳ ಕರಡುಗಳು, ಒಂದಿಷ್ಟು ಅರ್ಜಿಗಳು ಎಲ್ಲವೂ ಇದರಲ್ಲೇ ಬರೆದು ಫ್ಲಾಪಿಗಳಲ್ಲಿ ಉಳಿಸಿದವು.

ಇದೇ ಸಾಫ್ಟ್‌ವೇರಿನ ಮೇಲ್ದರ್ಜೆಯ ಆವೃತ್ತಿಯಾದ ವರ್ಡ್‌ವೈಸ್ ಪ್ಲಸ್ ಚಿಪ್ ಈಚೆಗೆ ನನಗೆ ಸಿಕ್ಕಿತು. ಅದು 16 ಕಿಲೋಬೈಟ್‌ನದು, ಅಂದರೆ ಹಳೆಯದರ ಎರಡು ಪಟ್ಟು. ಒಂದು ತಿಂಗಳು ಎರಡನ್ನೂ ಅದಲುಬದಲು ಮಾಡಿ ಬಳಸಿದ್ದೇನೆ. ನನ್ನ ಗುರಿ ಸ್ಪಷ್ಟವಾಗಿದೆ: ಆ ಪತ್ರಗಳೆಲ್ಲವನ್ನೂ ಒಂದೇ ಅಚ್ಚುಕಟ್ಟಿನಲ್ಲಿ ಮುದ್ರಿಸಿ ಮನೆಯವರಿಗಾಗಿ ಒಂದು ಪುಸ್ತಕ ಕಟ್ಟಿಸಬೇಕು. ಆ ಕೆಲಸಕ್ಕೆ ಪ್ಲಸ್ ನಿಜವಾಗಿ ನೆರವಾಗುತ್ತದೆಯೇ ಎಂಬುದಷ್ಟೇ ನನ್ನ ಪ್ರಶ್ನೆ.

ಮೊದಲ ನೋಟದಲ್ಲಿ ನನಗೆ ನಿರಾಸೆಯಾಯಿತು ಎಂದು ಹೇಳಲೇಬೇಕು. ದುಪ್ಪಟ್ಟು ದೊಡ್ಡ ಚಿಪ್ ಎಂದಮೇಲೆ ಪರದೆಯಲ್ಲಿ ಸಾಲಿಗೆ 80 ಅಕ್ಷರ ಮೂಡುತ್ತದೆ, ಕಾಗದದ ಮೇಲೆ ಬೀಳುವಂತೆಯೇ ಕಣ್ಣಿಗೂ ಕಾಣುತ್ತದೆ ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಅದೇ 40 ಅಕ್ಷರದ ಸಾಲು, ಅದೇ ಬಿಳಿಯ ಪಠ್ಯ, ನಡುನಡುವೆ ಹಸಿರು ಬಣ್ಣದ ಆಜ್ಞೆಗಳು. ಎಡ ಅಂಚಿಗೆ ಎಲ್‌ಎಂ, ಸಾಲಿನ ಉದ್ದಕ್ಕೆ ಎಲ್‌ಎಲ್, ನಡುವಿಗೆ ತರಲು ಸಿಇ ಎಂಬ ಎರಡಕ್ಷರದ ಸಂಕೇತಗಳೂ ಹಾಗೆಯೇ ಇವೆ. ಎಸ್ಕೇಪ್ ಒತ್ತಿದರೆ ಬರುವ ಪಟ್ಟಿಯಲ್ಲಿ ಹಳೆಯ ಎಂಟು ಆಯ್ಕೆಗಳ ಕೆಳಗೆ ಒಂಬತ್ತನೆಯದಾಗಿ ‘ಸೆಗ್ಮೆಂಟ್ ಮೆನು’ ಎಂಬುದೊಂದು ಸೇರಿದೆ. ಹೊಸತು ಎಂದು ಕಣ್ಣಿಗೆ ಬಿದ್ದದ್ದು ಅದೊಂದೇ. ಈ ಒಂಬತ್ತನೆಯ ಆಯ್ಕೆಗಾಗಿ ತಂದೆಯವರ ಚಿಪ್ಪನ್ನು ಅದರ ಜಾಗದಿಂದ ಕೀಳುವುದು ಸರಿಯೇ? ಬಳಸಿದವರು ದಯವಿಟ್ಟು ತಿಳಿಸಿ.

ಮಾಡೆಲ್‌ಬಿ

ಹಸಿರಕ್ಷರ ಅವರೇ, ಪರದೆಯ ಬಗೆಗಿನ ನಿಮ್ಮ ನಿರಾಸೆ ಸಹಜವಾದದ್ದೇ. ಆದರೆ ಅದಕ್ಕೆ ಸಾಫ್ಟ್‌ವೇರ್ ಬರೆದವರು ಹೊಣೆಯಲ್ಲ. ಯಂತ್ರದ ಲೆಕ್ಕವೇ ಹಾಗಿದೆ. ಒಮ್ಮೆ ಆ ಲೆಕ್ಕವನ್ನು ಬಿಡಿಸಿ ನೋಡೋಣ.

ಮಾಡೆಲ್ ಬಿಯಲ್ಲಿರುವುದು 32 ಕಿಲೋಬೈಟ್ ಮೆಮೊರಿ, ಅಂದರೆ 32,768 ಬೈಟ್. ಫ್ಲಾಪಿ ವ್ಯವಸ್ಥೆ ಇರುವ ಯಂತ್ರದಲ್ಲಿ ಕೆಳಗಿನ 6,400 ಬೈಟ್ ಕಾರ್ಯವ್ಯವಸ್ಥೆಗೂ ಫ್ಲಾಪಿಗೂ ಹೋಗುತ್ತದೆ. ಪರದೆಯ ಮೇಲೆ ಕಾಣುವ ಚಿತ್ರವೂ ಇದೇ ಮೆಮೊರಿಯಲ್ಲೇ ಇರಬೇಕು. ಮೋಡ್ ಎಂದರೆ ಪರದೆಯ ಬಗೆ. ಮೋಡ್ 7 ಎಂಬುದು ಟೆಲಿಟೆಕ್ಸ್ಟ್ ಪರದೆ, ಅಂದರೆ ಟಿವಿಯಲ್ಲಿ ಅಕ್ಷರಗಳ ಪುಟ ತೋರಿಸುತ್ತಿದ್ದ ಬಗೆಯದು: 40 ಅಕ್ಷರದ 25 ಸಾಲು, ಅದಕ್ಕೆ ಬೇಕಾದದ್ದು ಬರೀ 1 ಕಿಲೋಬೈಟ್, ಏಕೆಂದರೆ ಅಕ್ಷರದ ಆಕಾರವನ್ನು ಬೇರೊಂದು ಚಿಪ್ ಬರೆದುಕೊಡುತ್ತದೆ. ಹಾಗಾಗಿ ಬರೆಯುವವರಿಗೆ 25,344 ಬೈಟ್ ಉಳಿಯುತ್ತದೆ, ಅದರಲ್ಲಿ ವರ್ಡ್‌ವೈಸ್ ತನ್ನ ಬಳಕೆಗೆ ಸ್ವಲ್ಪ ಇಟ್ಟುಕೊಳ್ಳುತ್ತದೆ. ಮೋಡ್ 3 ಸಾಲಿಗೆ 80 ಅಕ್ಷರ ಕೊಡುತ್ತದೆ, ಆದರೆ 16 ಕಿಲೋಬೈಟ್ ನುಂಗುತ್ತದೆ. ಉಳಿಯುವುದು 9,984 ಬೈಟ್. ಮೋಡ್ 0 ಕೂಡ 80 ಅಕ್ಷರದ್ದೇ, ಅದಕ್ಕೆ 20 ಕಿಲೋಬೈಟ್ ಬೇಕು; ಉಳಿಯುವುದು 5,888 ಬೈಟ್ ಮಾತ್ರ.

ಇಂಗ್ಲಿಷಿನಲ್ಲಿ ಪದವೊಂದಕ್ಕೆ ಖಾಲಿ ಜಾಗವೂ ಸೇರಿ ಆರು ಬೈಟ್ ಎಂದು ಹಿಡಿದರೆ ಮೊದಲನೆಯದರಲ್ಲಿ ಹತ್ತಿರಹತ್ತಿರ ನಾಲ್ಕು ಸಾವಿರ ಪದಗಳು ಹಿಡಿಸುತ್ತವೆ, ಎರಡನೆಯದರಲ್ಲಿ ಸಾವಿರದ ಆರುನೂರು, ಮೂರನೆಯದರಲ್ಲಿ ಸಾವಿರವೂ ಇಲ್ಲ. ನಿಮ್ಮ ತಂದೆಯವರ ಪ್ರಬಂಧದ ಒಂದು ಅಧ್ಯಾಯ ಒಂದೇ ಕಡತದಲ್ಲಿ ಕೂತಿದ್ದರೆ ಅದಕ್ಕೆ ಕಾರಣ ಈ 40 ಅಕ್ಷರದ ಪರದೆಯೇ. ಅಂದು ಮನೆಗಳಲ್ಲಿ ಇದ್ದದ್ದು ಟಿವಿ ಪರದೆ ಎಂಬುದನ್ನೂ ನೆನಪಿಡಬೇಕು. ಟಿವಿಯ ಮೇಲೆ 80 ಅಕ್ಷರದ ಸಾಲನ್ನು ಗಂಟೆಗಟ್ಟಲೆ ಓದುವುದು ಕಣ್ಣಿಗೆ ಶಿಕ್ಷೆ. ಪ್ಲಸ್ ಆವೃತ್ತಿಯೂ ಮೋಡ್ 7ರಲ್ಲೇ ಉಳಿದದ್ದು ವಿವೇಕದ ನಿರ್ಧಾರ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಳೆಯ ಮೇಷ್ಟ್ರು

ಮಾಡೆಲ್‌ಬಿ ಅವರ ಲೆಕ್ಕದಲ್ಲಿ ತಪ್ಪಿಲ್ಲ. ಆದರೂ ಇನ್ನೊಂದು ಪಕ್ಷವನ್ನು ಮುಂದಿಡುವುದು ನನ್ನ ಕರ್ತವ್ಯವೆಂದು ಭಾವಿಸುತ್ತೇನೆ. 1984–85ರಲ್ಲಿ ಕೇಂದ್ರ ಸರ್ಕಾರ ಕ್ಲಾಸ್ ಎಂಬ ಶಾಲಾ ಗಣಕ ಯೋಜನೆಯನ್ನು ಆರಂಭಿಸಿ ದೇಶದ ಸುಮಾರು 250 ಶಾಲೆಗಳಿಗೆ ಬಿಬಿಸಿ ಮೈಕ್ರೋಗಳನ್ನು ಕೊಟ್ಟಿತು. ಮುಂದೆ ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್‌ನಲ್ಲಿ ಇದೇ ಯಂತ್ರ ಯೂನಿಕಾರ್ನ್ ಎಂಬ ಹೆಸರಿನಲ್ಲಿ ತಯಾರಾಯಿತು. ನಾನು ಪಾಠ ಹೇಳುತ್ತಿದ್ದ ಪ್ರೌಢಶಾಲೆಗೂ ಯೋಜನೆಯ ಮುಂದಿನ ಹಂತದಲ್ಲಿ ಈ ಯಂತ್ರಗಳು ಬಂದವು, ಹನ್ನೊಂದು ವರ್ಷ ಅವುಗಳ ಉಸ್ತುವಾರಿ ನನ್ನ ಮೇಲಿತ್ತು.

ನಾವು ಬಳಸುತ್ತಿದ್ದದ್ದು ಏಕಾರ್ನ್‌ಸಾಫ್ಟ್ ಸಂಸ್ಥೆಯ ವ್ಯೂ ಎಂಬ ವರ್ಡ್ ಪ್ರೊಸೆಸರ್, ಮಾರ್ಕ್ ಕೋಲ್ಟನ್ ಬರೆದದ್ದು. ಅದರಲ್ಲಿ ಮೇಲ್ಗಡೆ ಚುಕ್ಕೆ ಮತ್ತು ನಕ್ಷತ್ರಗಳಿಂದಾದ ಅಳತೆಪಟ್ಟಿಯೊಂದು ಇರುತ್ತದೆ. ಆ ಪಟ್ಟಿ ಎಲ್ಲಿ ಮುಗಿಯುತ್ತದೆಯೋ ಅಲ್ಲಿ ಸಾಲು ಮುರಿಯುತ್ತದೆ, ಎರಡೂ ಅಂಚು ಸಮವಾಗಬೇಕೆಂದರೆ ಕಣ್ಣೆದುರಿಗೇ ಸಮವಾಗುತ್ತದೆ. ಮಕ್ಕಳಿಗೆ ಅದು ಒಡನೆಯೇ ಅರ್ಥವಾಗುತ್ತಿತ್ತು. ಹಸಿರಿನಲ್ಲಿ ‘ಎಲ್‌ಎಲ್60’ ಎಂದು ಬರೆದರೆ ಕಾಗದದ ಮೇಲೆ ಏನಾಗುತ್ತದೆ ಎಂಬುದನ್ನು ಊಹಿಸಿಕೊಳ್ಳಲು ಒಂಬತ್ತನೆಯ ತರಗತಿಯ ಮಗುವಿಗೆ ಹೇಳುವುದು ಸುಲಭವಲ್ಲ. ಬರೆಯುವವನು ತನ್ನ ಪುಟವನ್ನು ನೋಡುತ್ತಲೇ ಬರೆಯಬೇಕು ಎಂಬ ತತ್ತ್ವದಲ್ಲಿ ನನಗೆ ಇಂದಿಗೂ ನಂಬಿಕೆ ಇದೆ.

ಮೆಮೊರಿಯ ಕೊರತೆಗೂ ಮುಂದೆ ದಾರಿ ಸಿಕ್ಕಿತು. 1985ರ ಬಿ ಪ್ಲಸ್ ಮತ್ತು 1986ರ ಮಾಸ್ಟರ್ 128 ಯಂತ್ರಗಳಲ್ಲಿ ಪರದೆಗೆಂದೇ ಪ್ರತ್ಯೇಕ ಮೆಮೊರಿ ಇತ್ತು. ಮಾಸ್ಟರ್‌ನಲ್ಲಂತೂ ವ್ಯೂ ಒಳಗೇ ಅಡಕವಾಗಿ ಬರುತ್ತಿತ್ತು. ಆದ್ದರಿಂದ ಹಸಿರಕ್ಷರ ಅವರು ಚಿಪ್ ಬದಲಿಸಲೇಬೇಕೆಂದಿದ್ದರೆ ಪ್ಲಸ್ ಜೊತೆಗೆ ವ್ಯೂ ಅನ್ನೂ ಒಮ್ಮೆ ತೂಗಿ ನೋಡಲಿ ಎಂಬುದು ನನ್ನ ಸಲಹೆ.

ಹಸಿರಕ್ಷರ

ಮೇಷ್ಟ್ರೇ, ಮಾಡೆಲ್‌ಬಿ ಅವರೇ, ಇಬ್ಬರಿಗೂ ವಂದನೆಗಳು. 25,344 ಮತ್ತು 5,888 ಎಂಬ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಬರೆದುಕೊಂಡ ಮೇಲೆ ಪರದೆಯ ಬಗ್ಗೆ ನನ್ನ ಆಕ್ಷೇಪವನ್ನು ಹಿಂದಕ್ಕೆ ಪಡೆದಿದ್ದೇನೆ.

ವ್ಯೂ ಬಗ್ಗೆ ನನಗೆ ಗೌರವವಿದೆ, ಆದರೆ ನನ್ನ ಪರಿಸ್ಥಿತಿಯಲ್ಲಿ ಅದಕ್ಕೊಂದು ತೊಡಕಿದೆ. ತಂದೆಯವರ ಕಡತಗಳ ತುಂಬ ಹಸಿರು ಆಜ್ಞೆಗಳಿವೆ. ಅವನ್ನು ಅರಿಯುವುದು ವರ್ಡ್‌ವೈಸ್ ಮಾತ್ರ. ಪ್ಲಸ್ ಆ ಹಳೆಯ ಕಡತಗಳನ್ನು ಒಂದಕ್ಷರವೂ ಕೆಡದಂತೆ ತೆರೆಯುತ್ತದೆ ಎಂಬುದನ್ನು ಪರೀಕ್ಷಿಸಿ ನೋಡಿದ್ದೇನೆ.

ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಪ್ರಬಂಧದ ಎರಡನೆಯ ಅಧ್ಯಾಯವನ್ನು ಮೊದಲ ಸಲ ತೆರೆದಾಗ ಪರದೆಯ ತುಂಬ ಬಾಣದ ಗುರುತುಗಳಿದ್ದವು: ಎಡಕ್ಕೊಂದು ಬಾಣ, ಒಂದು ಅಂಕಿ, ಬಲಕ್ಕೊಂದು ಬಾಣ. ಕಡತ ಹಾಳಾಗಿದೆ ಎಂದು ಎದೆ ಝಲ್ಲೆಂದಿತು. ಅಣ್ಣನಿಗೆ ಫೋಟೊ ತೆಗೆದು ಕಳಿಸಿದೆ, ಅವನಿಗೂ ಹೊಳೆಯಲಿಲ್ಲ. ಕೊನೆಗೆ ಒಂದು ಪುಟ ಮುದ್ರಿಸಿ ನೋಡಿದರೆ ಅವೆಲ್ಲ ಚೌಕಾಕಾರದ ಆವರಣ ಚಿಹ್ನೆಗಳು! ತಂದೆಯವರು ಆಕರ ಗ್ರಂಥಗಳ ಸಂಖ್ಯೆಯನ್ನು ಆವರಣದಲ್ಲಿ ಹಾಕಿದ್ದರು. ಮೋಡ್ 7ರ ಅಕ್ಷರಮಾಲೆಯಲ್ಲಿ ಚೌಕಾವರಣವಿಲ್ಲ, ಅದರ ಜಾಗದಲ್ಲಿ ಬಾಣವಿದೆ. ಹಾಗೆಯೇ ಅಲೆಗೆರೆಯ ಜಾಗದಲ್ಲಿ ಭಾಗಾಕಾರದ ಚಿಹ್ನೆಯೂ ಪುಷ್ಪಾವರಣದ ಜಾಗದಲ್ಲಿ ಕಾಲು, ಮುಕ್ಕಾಲು ಎಂಬ ಭಿನ್ನರಾಶಿಗಳೂ ಕಾಣುತ್ತವೆ. ಬರೆಯುವಾಗ ಅವರು ಈ ಬಾಣಗಳನ್ನೇ ಆವರಣವೆಂದು ಓದಿಕೊಳ್ಳುವುದನ್ನು ರೂಢಿಸಿಕೊಂಡಿರಬೇಕು. ಈ ದೋಷ ಪ್ಲಸ್‌ನಲ್ಲೂ ಹಾಗೆಯೇ ಮುಂದುವರಿದಿದೆ. ಮೌಲ್ಯಮಾಪನ ಎಂದಮೇಲೆ ಇದನ್ನು ಬರೆದಿಡಬೇಕು.

ಮುನ್ನೋಟದ ವಿಷಯ: ಪಟ್ಟಿಯ ಏಳನೆಯ ಆಯ್ಕೆ ಒತ್ತಿದರೆ ಸಾಲಿಗೆ 80 ಅಕ್ಷರದ ಲೆಕ್ಕದಲ್ಲಿ ಪುಟ ಹೇಗೆ ಬರುತ್ತದೆ ಎಂಬುದನ್ನು ತೋರಿಸುತ್ತದೆ. ಪತ್ರಗಳು ಚಿಕ್ಕವಾದ್ದರಿಂದ ನನಗೆ ಇದು ಸಾಕು. ಅಧ್ಯಾಯದಂಥ ದೊಡ್ಡ ಕಡತಗಳಲ್ಲಿ ಪಠ್ಯವೂ ಮುನ್ನೋಟವೂ ಒಂದೇ ಮೆಮೊರಿಗಾಗಿ ಜಗ್ಗಾಡುತ್ತವೆ.

ಕರಡು

ನಾನು ಪುಸ್ತಕ ಪ್ರಕಾಶನದಲ್ಲಿ ಕರಡು ತಿದ್ದುವ ಕೆಲಸದವನು. ಯಂತ್ರದ ಒಳಗುಟ್ಟು ನನಗೆ ತಿಳಿಯದು, ಆದರೆ ಗೆಳೆಯರೊಬ್ಬರ ಮನೆಯಲ್ಲಿ ವರ್ಡ್‌ವೈಸ್ ಪ್ಲಸ್‌ನಲ್ಲಿ ಲೇಖನಗಳನ್ನು ಬರೆದಿದ್ದೇನೆ. ಬರೆಯುವವನ ಕಡೆಯಿಂದ ಎರಡು ಮಾತು.

ಮೊದಲನೆಯದು, ಪರದೆಯ ನೆತ್ತಿಯಲ್ಲಿ ಬರೆದ ಪದಗಳ ಸಂಖ್ಯೆಯೂ ಉಳಿದ ಜಾಗದ ಲೆಕ್ಕವೂ ಸದಾ ಕಾಣುತ್ತಿರುತ್ತವೆ. ಪದಗಳ ಮಿತಿ ಕಟ್ಟಿಕೊಂಡು ಬರೆಯುವ ಪತ್ರಕರ್ತರಿಗೆ ಇದು ಎಂಥ ಅನುಕೂಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಎಫ್ ಕೀಲಿಗಳಲ್ಲೊಂದನ್ನು ಒತ್ತಿದರೆ ಗುರುತು ಹಾಕಿದ ಜಾಗದವರೆಗಿನ ಪದಗಳನ್ನೂ ಎಣಿಸಿಕೊಡುತ್ತದೆ. ಒಂದು ಪ್ಯಾರಾ ಉದ್ದವಾಯಿತೇ ಎಂಬ ಅನುಮಾನ ಬಂದಾಗಲೆಲ್ಲ ನಾನು ಅದನ್ನೇ ಬಳಸುತ್ತಿದ್ದೆ.

ಎರಡನೆಯದು ಕೀಲಿಗಳ ವಿಚಾರ. ಎಫ್3ರಿಂದ ಗುರುತು, ಎಫ್7ರಿಂದ ಅಳಿಸುವುದು, ಎಫ್8ರಿಂದ ಸ್ಥಳಾಂತರ, ಎಫ್9ರಿಂದ ನಕಲು. ಕೀಲಿಗಳ ಮೇಲಿನ ಪಾರದರ್ಶಕ ಪಟ್ಟಿಯ ಅಡಿಯಲ್ಲಿ ಸೂಚನೆಯ ಚೀಟಿ ಸಿಕ್ಕಿಸಿದರೆ ಅರ್ಧ ದಿನದಲ್ಲಿ ಎಲ್ಲವೂ ಬಾಯಿಪಾಠವಾಗುತ್ತದೆ. ಆದರೆ ಆ ಕೆಂಪು ಕೀಲಿಗಳ ಸಾಲಿನಲ್ಲಿ ಎಫ್9ರ ಮಗ್ಗುಲಲ್ಲೇ ಬ್ರೇಕ್ ಕೀಲಿ ಇದೆ. ಆತುರದಲ್ಲಿ ಪ್ಯಾರಾ ನಕಲಿಸಲು ಹೋಗಿ ಅದನ್ನು ಒತ್ತಿದವರಲ್ಲಿ ನಾನೂ ಒಬ್ಬ. ಅಂಥ ಹೊತ್ತಿನಲ್ಲಿ ವರ್ಡ್‌ವೈಸ್ ‘ಹಳೆಯ ಪಠ್ಯ ಬೇಕೇ?’ ಎಂಬ ಒಂದು ಪ್ರಶ್ನೆ ಕೇಳುತ್ತದೆ; ವೈ ಒತ್ತಿದರೆ ಬರೆದದ್ದೆಲ್ಲ ಮರಳಿ ಬರುತ್ತದೆ. ಎರಡು ಗಂಟೆಯ ಕೆಲಸ ಹಾಗೆ ಹಿಂದಿರುಗಿ ಬಂದ ಸಂಜೆ ನನಗೆ ಇನ್ನೂ ನೆನಪಿದೆ. ಈ ಎರಡೂ ಗುಣಗಳು ಹಳೆಯ ವರ್ಡ್‌ವೈಸ್‌ನಲ್ಲೇ ಇದ್ದವು ಎಂಬುದನ್ನೂ ಹೇಳಬೇಕು. ದಿನನಿತ್ಯದ ಬರವಣಿಗೆ ಮಾತ್ರ ಮಾಡುವವರಿಗೆ ಹಳೆಯ ಚಿಪ್ಪೇ ಸಾಕು ಎಂಬ ಮಾತನ್ನು ನಾನು ಧೈರ್ಯವಾಗಿ ಹೇಳಬಲ್ಲೆ.

ಲಿಪಿಕಾರ

ಒಂದು ಪ್ರಶ್ನೆ ಕೇಳಬಹುದೇ? ಹಸಿರಕ್ಷರ ಅವರ ತಂದೆಯವರು ಊರಿಗೆ ಬರೆದ ಪತ್ರಗಳು ಇಂಗ್ಲಿಷಿನಲ್ಲಿವೆಯೇ? ಪ್ಲಸ್ ಚಿಪ್ ಹಾಕಿಕೊಂಡರೆ ಕನ್ನಡ ಮೂಡಿಸಲು ಏನಾದರೂ ಅವಕಾಶವಿದೆಯೇ? ಬಿಬಿಸಿ ಮೈಕ್ರೋದಲ್ಲಿ ನಮಗೆ ಬೇಕಾದ ಅಕ್ಷರಗಳನ್ನು ನಾವೇ ರೂಪಿಸಿಕೊಳ್ಳಬಹುದು ಎಂದು ಓದಿದ್ದೇನೆ.

ಹಸಿರಕ್ಷರ

ಪತ್ರಗಳ ಭಾಷೆ ಕನ್ನಡವೇ, ಲಿಪಿ ಮಾತ್ರ ಇಂಗ್ಲಿಷಿನದು. ಅಜ್ಜಿಗೆ ಇಂಗ್ಲಿಷ್ ಲಿಪಿ ಓದಲು ಬರುತ್ತಿರಲಿಲ್ಲ. ಪತ್ರ ಬಂದಾಗ ಚಿಕ್ಕಪ್ಪ ಜೋರಾಗಿ ಓದಿ ಹೇಳುತ್ತಿದ್ದರು. ದೀರ್ಘಕ್ಕೆ ಎರಡು ಸ್ವರ, ಮಹಾಪ್ರಾಣಕ್ಕೆ ಎಚ್, ಮೂರ್ಧನ್ಯ ವರ್ಣಗಳಿಗೆ ದೊಡ್ಡಕ್ಷರ ಎಂದು ತಂದೆಯವರು ತಮ್ಮದೇ ಆದ ನಿಯಮ ಮಾಡಿಕೊಂಡಿದ್ದರು. ಒಂದು ಪತ್ರದ ಕೊನೆಯಲ್ಲಿ ಆ ನಿಯಮಗಳ ಪಟ್ಟಿಯೇ ಇದೆ, ಚಿಕ್ಕಪ್ಪನ ಅನುಕೂಲಕ್ಕಾಗಿ ಕೊಟ್ಟದ್ದು.

ಮಾಡೆಲ್‌ಬಿ

ಲಿಪಿಕಾರ ಅವರೇ, ನೀವು ಓದಿದ್ದು ನಿಜ. ಆದರೆ ಆ ಸೌಲಭ್ಯ ಮೋಡ್ 7ಕ್ಕೆ ಅನ್ವಯಿಸುವುದಿಲ್ಲ. ಅಲ್ಲಿ ಅಕ್ಷರದ ಆಕಾರ ಟೆಲಿಟೆಕ್ಸ್ಟ್ ಚಿಪ್ಪಿನೊಳಗೆ ಅಚ್ಚಾಗಿ ಹೋಗಿದೆ, ಅದನ್ನು ತಂತ್ರಾಂಶದಿಂದ ಬದಲಾಯಿಸಲು ಬರುವುದಿಲ್ಲ. ವರ್ಡ್‌ವೈಸ್ ಆಗಲಿ ಪ್ಲಸ್ ಆಗಲಿ ಪಠ್ಯವನ್ನು ತಿದ್ದುವುದು ಮೋಡ್ 7ರಲ್ಲೇ ಆದ್ದರಿಂದ ಕನ್ನಡವನ್ನು ಕನ್ನಡವಾಗಿ ನೋಡುತ್ತಾ ಬರೆಯುವ ದಾರಿ ಅಲ್ಲಿಗೆ ಮುಚ್ಚಿಹೋಗುತ್ತದೆ.

ಮೋಡ್ 0, ಮೋಡ್ 3ರಂಥ ಪರದೆಗಳಲ್ಲಿ ಎಂಟಕ್ಕೆಂಟು ಚುಕ್ಕೆಗಳ ಚೌಕದಲ್ಲಿ ಹೊಸ ಅಕ್ಷರ ಬಿಡಿಸಬಹುದು. ಸಾಮಾನ್ಯವಾಗಿ 224ರಿಂದ 255ರವರೆಗಿನ 32 ಸ್ಥಾನಗಳು ಸಿಗುತ್ತವೆ. ಎಫ್‌ಎಕ್ಸ್ 20 ಎಂಬ ಆಜ್ಞೆಯಿಂದ ಇನ್ನಷ್ಟು ಸ್ಥಾನಗಳನ್ನು ಪಡೆಯಬಹುದಾದರೂ ಪೂರ್ತಿ ಪಡೆದರೆ ಬರವಣಿಗೆಯ ಜಾಗದಲ್ಲಿ 1,536 ಬೈಟ್ ಹೋಗುತ್ತದೆ. ಕನ್ನಡದ ವರ್ಣಮಾಲೆಯೇ 49 ಅಕ್ಷರ. ಗುಣಿತ, ಒತ್ತಕ್ಷರಗಳನ್ನು ಸೇರಿಸಿದರೆ ಈ ಲೆಕ್ಕ ಎಲ್ಲೂ ನಿಲ್ಲುವುದಿಲ್ಲ. ‘ಸ್ತ್ರೀ’ ಎಂಬ ಒಂದೇ ಅಕ್ಷರವನ್ನು ಎಂಟು ಚುಕ್ಕೆ ಎತ್ತರದಲ್ಲಿ ಬಿಡಿಸಲು ನಾನೊಮ್ಮೆ ಚೌಕುಳಿ ಹಾಳೆ ಹಿಡಿದು ಕೂತಿದ್ದೆ. ತಲೆಕಟ್ಟಿಗೆ ಒಂದು ಸಾಲು, ಸಕಾರದ ಹೊಟ್ಟೆಗೆ ನಾಲ್ಕು, ಉಳಿದದ್ದು ಮೂರು ಸಾಲು. ತಕಾರದ ಒತ್ತಿಗೇ ಅದು ಸಾಲದು, ಇನ್ನು ರಕಾರದ ಒತ್ತನ್ನು ಎಲ್ಲಿಡುವುದು? ಎರಡು ಚೌಕಗಳನ್ನು ಮೇಲೆ ಕೆಳಗೆ ಜೋಡಿಸಿದರೆ ಅಕ್ಷರ ಬರುತ್ತದೆ, ಆದರೆ ಒಂದು ಬೈಟ್ ಎಂದರೆ ಒಂದು ಅಕ್ಷರ ಎಂದು ತಿಳಿದಿರುವ ವರ್ಡ್ ಪ್ರೊಸೆಸರ್‌ಗೆ ಅದನ್ನು ಮುರಿಯುವುದೂ ಎಣಿಸುವುದೂ ಗೊತ್ತಾಗುವುದಿಲ್ಲ. ಭಾರತೀಯ ಲಿಪಿಗಳಿಗೆ ಮುಂದೆ ಐಬಿಎಂ ಪಿಸಿಗಳಲ್ಲಿ ಜಿಸ್ಟ್ ಕಾರ್ಡ್ ಎಂಬ ಪ್ರತ್ಯೇಕ ಫಲಕವನ್ನೇ ಹಾಕಬೇಕಾಯಿತು ಎಂಬುದರಿಂದ ಸಮಸ್ಯೆಯ ಆಳ ತಿಳಿಯುತ್ತದೆ. ಈ ಒಂದು ವಿಷಯದಲ್ಲಿ ಹಳೆಯದಕ್ಕೂ ಪ್ಲಸ್‌ಗೂ ಎಳ್ಳಷ್ಟೂ ವ್ಯತ್ಯಾಸವಿಲ್ಲ.

ಈಗ ಒಂಬತ್ತನೆಯ ಆಯ್ಕೆಯ ಮಾತಿಗೆ ಬರುತ್ತೇನೆ, ಏಕೆಂದರೆ ಮೂಲ ಪ್ರಶ್ನೆಗೆ ಉತ್ತರ ಇರುವುದು ಅಲ್ಲೇ. ಮುಖ್ಯ ಪಠ್ಯದ ಜೊತೆಗೆ ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಸೆಗ್ಮೆಂಟ್‌ಗಳನ್ನು, ಅಂದರೆ ಹತ್ತು ಬೇರೆ ಬೇರೆ ಪಠ್ಯಗಳನ್ನು, ಪ್ಲಸ್ ಏಕಕಾಲಕ್ಕೆ ಇಟ್ಟುಕೊಳ್ಳುತ್ತದೆ. ಎಲ್ಲಕ್ಕೂ ಸೇರಿ ಜಾಗ ಅದೇ ಇಪ್ಪತ್ತೈದು ಸಾವಿರದೊಳಗೆ, ಅದನ್ನು ಮರೆಯಬಾರದು. ಸೆಗ್ಮೆಂಟಿನಲ್ಲಿ ಟಿಪ್ಪಣಿ ಇಡಬಹುದು, ವಿಳಾಸಗಳ ಪಟ್ಟಿ ಇಡಬಹುದು. ಆದರೆ ಅದರ ನಿಜವಾದ ಬೆಲೆ ಇರುವುದು ಬೇರೆ ಕಡೆ: ಸೆಗ್ಮೆಂಟಿನಲ್ಲಿ ಒಂದು ಪುಟ್ಟ ಪ್ರೋಗ್ರಾಂ ಬರೆದು, ಶಿಫ್ಟ್ ಜೊತೆ ಅದೇ ಸಂಖ್ಯೆಯ ಎಫ್ ಕೀಲಿಯನ್ನು ಒತ್ತಿದರೆ ಅದು ಮುಖ್ಯ ಪಠ್ಯದ ಮೇಲೆ ಕೆಲಸ ಮಾಡುತ್ತದೆ. ‘ಸೆಲೆಕ್ಟ್ ಟೆಕ್ಸ್ಟ್’ ಎಂದರೆ ಮುಖ್ಯ ಪಠ್ಯವನ್ನು ಹಿಡಿಯುತ್ತದೆ, ‘ಕರ್ಸರ್ ಟಾಪ್’ ಎಂದರೆ ಆರಂಭಕ್ಕೆ ಹೋಗುತ್ತದೆ, ‘ರಿಪೀಟ್’ ಮತ್ತು ‘ಅನ್‌ಟಿಲ್ ಇಒಟಿ’ ಎಂಬ ಎರಡು ಮಾತುಗಳ ನಡುವೆ ಬರೆದದ್ದನ್ನು ಪಠ್ಯ ಮುಗಿಯುವವರೆಗೆ ಮಾಡುತ್ತಲೇ ಇರುತ್ತದೆ. ಮನೆಯಲ್ಲಿ ಕೂತು ಬಳಸುವ ಅಂದಿನ ಯಂತ್ರವೊಂದರಲ್ಲಿ ವರ್ಡ್ ಪ್ರೊಸೆಸರ್‌ಗೆ ಹೀಗೆ ತನ್ನದೇ ಭಾಷೆಯೊಂದು ಇದ್ದದ್ದು ದೊಡ್ಡ ಮಾತು.

ಹಳೆಯ ಮೇಷ್ಟ್ರು

ಮಾಡೆಲ್‌ಬಿ ಅವರ ಈ ಮಾತನ್ನು ನಾನು ಒಪ್ಪಲೇಬೇಕು. ವ್ಯೂನಲ್ಲಿ ಇಂಥದ್ದೊಂದು ಇರಲಿಲ್ಲ. ಇನ್ನೊಂದು ವಿಷಯದಲ್ಲೂ ವ್ಯೂ ನಮಗೆ ತೊಂದರೆ ಕೊಟ್ಟಿತ್ತು: ದಪ್ಪಕ್ಷರ ಬೇಕೆಂದರೆ ನಮ್ಮ ಪ್ರಿಂಟರಿಗೆ ಹೊಂದುವ ಡ್ರೈವರ್ ಕಡತವನ್ನು ಮೊದಲೇ ತಯಾರಿಸಿ ಇಟ್ಟುಕೊಳ್ಳಬೇಕಿತ್ತು. ಆ ಕಡತವಿದ್ದ ಫ್ಲಾಪಿ ಕೆಟ್ಟುಹೋದ ವರ್ಷ ಶಾಲೆಯ ವಾರ್ಷಿಕೋತ್ಸವದ ಕರೆಯೋಲೆಯನ್ನು ಒಂದೂ ದಪ್ಪಕ್ಷರವಿಲ್ಲದೆ ಮುದ್ರಿಸಿದೆವು. ವರ್ಡ್‌ವೈಸ್‌ನಲ್ಲಿ ಓಸಿ ಎಂಬ ಆಜ್ಞೆಯ ಮುಂದೆ ಪ್ರಿಂಟರಿನ ಸಂಕೇತವನ್ನು ನೇರವಾಗಿ ಬರೆದರಾಯಿತು. ಎಪ್ಸನ್ ಎಫ್‌ಎಕ್ಸ್-80 ಮತ್ತು ಅದರ ಬಳಗದ ಪ್ರಿಂಟರುಗಳಿಗೆ 27,69 ಎಂದರೆ ದಪ್ಪಕ್ಷರ ಆರಂಭ, 27,70 ಎಂದರೆ ಮುಕ್ತಾಯ. 27,52ರಿಂದ ಓರೆಯಕ್ಷರ ಬರುತ್ತದೆ, 27,53ರಿಂದ ನಿಲ್ಲುತ್ತದೆ. ಕೈಪಿಡಿಯೊಂದು ಪಕ್ಕದಲ್ಲಿದ್ದರೆ ಸಾಕು.

ಆದರೂ ಒಂದು ಎಚ್ಚರಿಕೆ. ಪ್ರೋಗ್ರಾಂ ಬರೆಯುವ ಶಕ್ತಿ ಇದೆ ಎಂದ ಮಾತ್ರಕ್ಕೆ ಎಲ್ಲರಿಗೂ ಅದು ಬೇಕಾಗುತ್ತದೆ ಎಂದಲ್ಲ. ಒಂದು ಪತ್ರ ತಿದ್ದಲು ಪ್ರೋಗ್ರಾಂ ಬೇಡ. ಒಂದೇ ಬಗೆಯ ತಿದ್ದುಪಡಿ ಹತ್ತಾರು ಕಡತಗಳಲ್ಲಿ ಆಗಬೇಕಾದಾಗ, ಅಥವಾ ಒಂದೇ ಕಾಗದ ಅರವತ್ತು ಜನರ ಹೆಸರಿಗೆ ಹೋಗಬೇಕಾದಾಗ ಅದರ ಬೆಲೆ ತಿಳಿಯುತ್ತದೆ. ಹಸಿರಕ್ಷರ ಅವರೇ, ನಿಮ್ಮ ನಲವತ್ತು ಪತ್ರಗಳಲ್ಲಿ ಮತ್ತೆ ಮತ್ತೆ ಮಾಡಬೇಕಾದ ಕೆಲಸ ಏನೇನಿದೆ ಎಂದು ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಿರಿ. ಉತ್ತರ ಆ ಹಾಳೆಯಲ್ಲೇ ಸಿಗುತ್ತದೆ.

ಹಸಿರಕ್ಷರ

ಮೇಷ್ಟ್ರು ಹೇಳಿದಂತೆ ಹಾಳೆ ಬರೆದೆ, ಎರಡು ವಾರದ ಬಳಿಕ ಈಗ ಉತ್ತರ ಬರೆಯುತ್ತಿದ್ದೇನೆ.

ಪ್ರತಿ ಪತ್ರದಲ್ಲೂ ಆಗಬೇಕಿದ್ದದ್ದು ಮೂರು ಕೆಲಸ. ಅಂಚಿನ ಅಳತೆ ಪತ್ರದಿಂದ ಪತ್ರಕ್ಕೆ ಬೇರೆ ಇತ್ತು, ಎಲ್ಲ ಕಡೆ ಎಡ ಅಂಚು 10, ಸಾಲಿನ ಉದ್ದ 60 ಎಂದಾಗಬೇಕಿತ್ತು. ದಿನಾಂಕದ ಸಾಲು ನಡುವಿಗೆ ಬರಬೇಕಿತ್ತು. ಅಂದಿನ ಪ್ರಿಂಟರಿಗೆಂದು ಬರೆದಿದ್ದ ಕಿರಿದಕ್ಷರದ ಸಂಕೇತಗಳನ್ನು ತೆಗೆದುಹಾಕಬೇಕಿತ್ತು, ಏಕೆಂದರೆ ಆ ಅಳತೆಯಲ್ಲಿ ಅಮ್ಮನಿಗೆ ಓದಲಾಗುವುದಿಲ್ಲ. ಹಳೆಯ ಚಿಪ್ಪಿನಲ್ಲಿ ಇದನ್ನು ಕೈಯಾರೆ ಮಾಡಿ ನೋಡಿದೆ. ಪಟ್ಟಿಗೆ ಹೋಗಿ ಕಡತ ತೆರೆಯುವುದು, ಹುಡುಕಿ ಬದಲಿಸುವುದು, ಮತ್ತೆ ಪಟ್ಟಿಗೆ ಬಂದು ಉಳಿಸುವುದು. ನಾಲ್ಕನೆಯ ಪತ್ರಕ್ಕೆ ಬರುವ ಹೊತ್ತಿಗೆ ಒಂದು ಕಡೆ ತಪ್ಪು ಹೆಸರಿನಲ್ಲಿ ಉಳಿಸಿ, ಮೂಲ ಪತ್ರದ ಮೇಲೇ ಬರೆಯುವುದರಲ್ಲಿದ್ದೆ. ಅಲ್ಲಿಗೇ ನಿಲ್ಲಿಸಿದೆ.

ಪ್ಲಸ್‌ನಲ್ಲಿ ಸೆಗ್ಮೆಂಟ್ ಸೊನ್ನೆಯಲ್ಲಿ ಹತ್ತೊಂಬತ್ತು ಸಾಲಿನ ಪ್ರೋಗ್ರಾಂ ಬರೆದೆ. ಬರೆಯಲು ಮೂರು ಸಂಜೆ ಹಿಡಿದವು. ಭಾಷೆ ಈ ಯಂತ್ರದ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಹೋಲುತ್ತದೆಯಾದರೂ ಬೇಸಿಕ್ ಅಲ್ಲ, ಆ ವ್ಯತ್ಯಾಸಗಳಲ್ಲೇ ಮೊದಲ ಸಂಜೆ ಕಳೆಯಿತು. ಕಡತಗಳ ಹೆಸರನ್ನು ಸೆಗ್ಮೆಂಟ್ ಒಂದರಲ್ಲಿ ಸಾಲಾಗಿ ಪಟ್ಟಿ ಮಾಡಿದೆ. ಫ್ಲಾಪಿಯಲ್ಲಿ ಹೆಸರಿಗೆ ಏಳು ಅಕ್ಷರಗಳ ಮಿತಿ ಮತ್ತು ಒಂದು ಫ್ಲಾಪಿಗೆ 31 ಕಡತಗಳ ಮಿತಿ ಇರುವುದರಿಂದ ಪತ್ರಗಳನ್ನು ಎರಡು ತಟ್ಟೆಗಳಿಗೆ ಹಂಚಬೇಕಾಯಿತು. ಮೂಲ ಫ್ಲಾಪಿಗಳನ್ನು ಬದಿಗಿಟ್ಟು ಅವುಗಳ ನಕಲಿನ ಮೇಲೆ ಕೆಲಸ ಮಾಡಿದೆ. ಶಿಫ್ಟ್ ಹಿಡಿದು ಎಫ್0 ಒತ್ತಿ ನೋಡುತ್ತಾ ಕೂತೆ. ಡ್ರೈವ್ ಗರಗರ ಎನ್ನುತ್ತಾ ಒಂದೊಂದೇ ಪತ್ರವನ್ನು ತೆರೆದು, ತಿದ್ದಿ, ಹೊಸ ತಟ್ಟೆಯಲ್ಲಿ ಉಳಿಸುತ್ತಾ ಹೋಯಿತು. ಎರಡು ಪತ್ರಗಳಲ್ಲಿ ಮಾತ್ರ ದಿನಾಂಕದ ಸಾಲು ಮೊದಲಿಗೆ ಇಲ್ಲದ ಕಾರಣ ಬೇರೆ ಸಾಲು ನಡುವಿಗೆ ಬಂದಿತ್ತು, ಅವನ್ನು ಕೈಯಿಂದ ಸರಿಪಡಿಸಿದೆ.

ಮುದ್ರಣಕ್ಕೆ ದಿನಸಿ ಅಂಗಡಿಯ ಬಿಲ್ಲಿಗೆ ಬಳಸುವಂಥ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರನ್ನೇ ಯಂತ್ರದ ಹಳೆಯ ಪ್ಯಾರಲಲ್ ಕಿಂಡಿಗೆ ಜೋಡಿಸಿದೆ. ಎಪ್ಸನ್ ಸಂಕೇತಗಳನ್ನು ಅದು ಇಂದಿಗೂ ಅರಿಯುತ್ತದೆ. ಓಸಿ 27,69 ಎಂದು ತಂದೆಯವರು ಅಂದು ಬರೆದಿದ್ದ ಕಡೆಗಳಲ್ಲೆಲ್ಲ ಇಂದೂ ದಪ್ಪಕ್ಷರವೇ ಮೂಡಿತು. ಎಂಟನೆಯ ಆಯ್ಕೆಯಿಂದ ಸರಳ ಪಠ್ಯದ ಕಡತಗಳನ್ನೂ ತೆಗೆದು ಲ್ಯಾಪ್‌ಟಾಪಿಗೆ ಸಾಗಿಸಿದ್ದೇನೆ. ಅಲ್ಲಿ ಅವನ್ನು ಕನ್ನಡ ಲಿಪಿಗೆ ತಿರುಗಿಸುವ ಕೆಲಸಕ್ಕೆ ತಂದೆಯವರ ನಿಯಮಗಳ ಪಟ್ಟಿಯೇ ಆಧಾರ.

ಹಾಗಾಗಿ ನನ್ನ ನಿರ್ಣಯ ಇದು. ಬರವಣಿಗೆಗೆ ಮಾತ್ರ ಯಂತ್ರವನ್ನು ಬಳಸುವವರು ಪ್ಲಸ್ ಹುಡುಕಿಕೊಂಡು ಹೋಗಬೇಕಾಗಿಲ್ಲ. ಕರಡು ಅವರ ಮಾತು ಸರಿ. ಹಳೆಯ ಕಡತಗಳ ರಾಶಿ ಎದುರಿಗಿರುವವರಿಗೆ ಪ್ಲಸ್ ಬೇಕೇ ಬೇಕು.

ಇನ್ನು ಉಳಿದದ್ದು ಚಿಪ್ ಕೀಳುವ ಪ್ರಶ್ನೆ. ಎರಡೂ ಚಿಪ್ಪುಗಳು ಒಳಗೇ ಇರಬಹುದೇ?

ಮಾಡೆಲ್‌ಬಿ

ಇರಬಹುದು. ಫಲಕದ ಮೇಲೆ ಇಂಥ ಚಿಪ್ಪುಗಳಿಗೆ ನಾಲ್ಕು ಜಾಗಗಳಿವೆ: ಬೇಸಿಕ್, ಫ್ಲಾಪಿ ವ್ಯವಸ್ಥೆ, ಉಳಿದವು ಎರಡು. ಬಲತುದಿಯ ಜಾಗಕ್ಕೆ ಆದ್ಯತೆ ಹೆಚ್ಚು. ಯಂತ್ರ ಹಚ್ಚಿದಾಗ ಮೊದಲು ಎಚ್ಚರಗೊಳ್ಳುವ ಭಾಷೆ ಅಲ್ಲಿರುವುದೇ. ಎರಡು ಚಿಪ್ಪುಗಳೂ ‘ವರ್ಡ್‌ವೈಸ್’ ಎಂಬ ಒಂದೇ ಕರೆಗೆ ಓಗೊಡುವುದರಿಂದ ಪ್ಲಸ್ ಅನ್ನು ಹಳೆಯದಕ್ಕಿಂತ ಬಲಗಡೆ ಇಡಿರಿ, ಕರೆ ಮೊದಲು ಅದಕ್ಕೆ ತಲುಪುತ್ತದೆ. ಕೂರಿಸುವಾಗ 28 ಕಾಲುಗಳಲ್ಲಿ ಒಂದೂ ಮಡಚದಂತೆ ಎರಡೂ ಬದಿಯನ್ನು ಸಮನಾಗಿ ಒತ್ತಿರಿ. ಚಿಪ್ಪಿನ ತುದಿಯಲ್ಲಿರುವ ಕಚ್ಚಿನ ಗುರುತು ಕೀಲಿಮಣೆಯ ವಿರುದ್ಧ ದಿಕ್ಕಿಗೆ, ಅಂದರೆ ಹಿಂಬದಿಗೆ ಇರಬೇಕು. ಪಕ್ಕದ ಬೇಸಿಕ್ ಚಿಪ್ ನೋಡಿಕೊಂಡು ಹಾಗೆಯೇ ಇಡಿರಿ.

ಹಸಿರಕ್ಷರ

ಇಂದು ಬೆಳಿಗ್ಗೆ ಹಾಗೆಯೇ ಮಾಡಿದೆ. ಪ್ಲಸ್ ಬಲಕ್ಕೆ, ತಂದೆಯವರ ಚಿಪ್ ಅದರ ಎಡಕ್ಕೆ. ಎರಡೂ ಕೂತಿವೆ, ಯಂತ್ರ ಎಂದಿನಂತೆ ಎರಡು ಸ್ವರದ ಸದ್ದು ಮಾಡಿ ಎದ್ದಿತು.